ಅಟೆಂಡರ್ ಮಹಾಲಿಂಗನ ಎರಡು ಎಣ್ಣೆಹನಿ

ಚಾಮರಾಜನಗರದ ಕಾಲೇಜೊಂದಕ್ಕೆ ಮೊದಲ ಕಂಪ್ಯೂಟರ್ ಬಂದದ್ದು ತೊಂಬತ್ತೈದನೇ ಇಸವಿಯಲ್ಲಿ. ಬಂದ ದಿನ ಅದಕ್ಕೆ ಕುಂಕುಮ ಇಟ್ಟು ಹೂವು ಮುಡಿಸಿದರು, ಕೆಂಪು ಮಖಮಲ್ಲು ಹೊದಿಸಿದರು, ಬಾಗಿಲಿಗೆ ‘ಪಾದರಕ್ಷೆ ಹೊರಗೆ ಬಿಡಿ’ ಎಂದು ಬೋರ್ಡು ಬರೆಸಿದರು. ಆಮೇಲೆ ಅದರ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಕೆಟ್ಟುಹೋದರೆ ಯಾರು ಜವಾಬ್ದಾರರು ಎಂಬ ಒಂದು ಪ್ರಶ್ನೆ ಸಾಕು, ನಮ್ಮ ಸಂಬಳದ ಜನ ಗಾವುದ ದೂರ ಓಡುತ್ತಾರೆ. ದಿನಾ ಆ ಕೋಣೆಯೊಳಗೆ ಹೋಗುತ್ತಿದ್ದವನು ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಮಹಾಲಿಂಗ ಒಬ್ಬನೇ. ಅವನಾದರೂ ಹೋಗುತ್ತಿದ್ದದ್ದು ಧೂಳು ಒರೆಸಲಿಕ್ಕೆ.

ಒರೆಸುತ್ತ ಒರೆಸುತ್ತ ಒಂದು ದಿನ ಸ್ವಿಚ್ಚು ಹಾಕಿದ. ಏನೂ ಸುಟ್ಟುಹೋಗಲಿಲ್ಲ. ಮರುದಿನ ಮತ್ತೆ ಹಾಕಿದ. ಕಂಪ್ಯೂಟರಿನ ಜೊತೆ ಮೂರು ದಪ್ಪ ಪುಸ್ತಕ ಬಂದಿದ್ದವು, ಅವುಗಳ ಮೇಲಿನ ಪ್ಲಾಸ್ಟಿಕ್ಕನ್ನೂ ಯಾರೂ ಹರಿದಿರಲಿಲ್ಲ. ಮಹಾಲಿಂಗ ಪಿಯುಸಿ ಪಾಸಾದವನು. ಇಂಗ್ಲಿಷನ್ನು ಬೆರಳಿಟ್ಟು, ತುಟಿ ಆಡಿಸುತ್ತ ಓದುತ್ತಿದ್ದ. ಒಂದು ಪುಟಕ್ಕೆ ಒಂದು ಸಂಜೆ. ವರ್ಷ ಕಳೆಯುವ ಹೊತ್ತಿಗೆ ಪ್ಯಾಸ್ಕಲ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ಇಡೀ ಕಾಲೇಜಿನ ಮಾರ್ಕ್ಸ್ ಪಟ್ಟಿಯನ್ನು ಆ ಯಂತ್ರದ ಕೈಯಲ್ಲೇ ಮಾಡಿಸಿಬಿಟ್ಟ. ಬೆಳಿಗ್ಗೆ ‘ಲೋ, ಟೆಸ್ಟ್‌ಟ್ಯೂಬ್ ತೊಳೆದ್ಯೇನೋ’ ಅನ್ನುತ್ತಿದ್ದ ಲೆಕ್ಚರರುಗಳೇ ಸಂಜೆ ‘ಮಹಾಲಿಂಗ, ಸ್ವಲ್ಪ ಬಾರಪ್ಪ’ ಅನ್ನತೊಡಗಿದರು. ಅವನಿಗೆ ಎರಡೂ ಒಂದೇ. ತೊಳೆಯುವುದನ್ನು ತೊಳೆದ, ಹೋಗುವಲ್ಲಿಗೆ ಹೋದ.

ಅವನ ಊರು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ. ಅಪ್ಪ ತೀರಿಕೊಂಡಾಗ ಇವನಿಗೆ ಏಳು ವರ್ಷ. ಎತ್ತಿ ಸಾಕಿದವರು ಅಣ್ಣ ಪುಟ್ಟಮಾದು, ಅತ್ತಿಗೆ ಮೂಗಮ್ಮ. ಅಣ್ಣ ತಾನು ನೇಗಿಲ ಮೇಣಿ ಹಿಡಿದು ತಮ್ಮನ ಕೈಗೆ ಪುಸ್ತಕ ಕೊಟ್ಟವನು, ಅದನ್ನು ಒಂದು ದಿನವೂ ಬಾಯಿಬಿಟ್ಟು ಆಡಿದವನಲ್ಲ. ಹಾಗೆಂದು ಬಲು ಸೌಮ್ಯ ಎಂದುಕೊಳ್ಳಬೇಡಿ. ಪುಟ್ಟಮಾದುವಿನ ಸಿಟ್ಟಿಗೆ ಬೀದಿಯ ನಾಯಿಯೂ ದಾರಿ ಬಿಡುತ್ತಿತ್ತು. ಆದರೆ ತಮ್ಮನ ವಿಷಯ ಬಂದರೆ ಆ ಸಿಟ್ಟು ಗಂಟಲಲ್ಲೇ ನಿಂತುಬಿಡುವುದು.

ಪುಟ್ಟಮಾದು ಬೆಳೆಯುತ್ತಿದ್ದದ್ದು ಬೀನ್ಸು. ಬೀನ್ಸಿಗೆ ಹುಳ ತಪ್ಪದು, ಹುಳಕ್ಕೆ ಹೊಡೆಯುವುದು ತಪ್ಪದು. ನಮ್ಮ ಕಡೆ ಆ ವಿಷಕ್ಕೆ ‘ಔಷಧಿ’ ಅನ್ನುತ್ತಾರೆ. ಹೆಸರಿಟ್ಟ ಪುಣ್ಯಾತ್ಮ ಯಾರೋ ಕಾಣೆ. ಬರಿಗಾಲು, ಬೆನ್ನ ಮೇಲೆ ಪಂಪು, ಬಾಯಿಗೆ ಸುತ್ತಿದ ಒದ್ದೆ ಟವೆಲ್ಲು. ತೊಂಬತ್ತಾರರ ಶ್ರಾವಣದಲ್ಲಿ ಪುಟ್ಟಮಾದು ಸಾಲಿನ ನಡುವೆಯೇ ನೊರೆ ಕಾರಿ ಬಿದ್ದ. ಸುಧಾರಿಸಿಕೊಂಡು ಎದ್ದ. ಮುಂದಿನ ಮಾಘದಲ್ಲಿ ಮತ್ತೆ ಬಿದ್ದ. ಆ ಸಲ ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಮೂರು ದಿನ. ಬಿಡುಗಡೆ ಮಾಡುವಾಗ ಡಾಕ್ಟರು ಮಹಾಲಿಂಗನನ್ನು ಪಕ್ಕಕ್ಕೆ ಕರೆದು, “ಮೂರನೇ ಸಲ ಇಲ್ಲಿಗೆ ಕರಕೊಂಡು ಬರೋ ಕಷ್ಟ ನಿಮಗೆ ಇರೋದಿಲ್ಲ,” ಎಂದರು. ಮಹಾಲಿಂಗನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನಿಗೆ ಬೇರೆ ಯೋಚನೆಯೇ ಉಳಿಯಲಿಲ್ಲ.

ಲ್ಯಾಬಿನ ಲೆಕ್ಚರರ್ ಶಾಂತಮಲ್ಲಪ್ಪನವರ ಮುಂದೆ ಹೋಗಿ ನಿಂತ. ಅವರು ಒಳ್ಳೆಯ ಮನುಷ್ಯ, ಮಾತು ಮಾತ್ರ ಉದ್ದ. ಮುಕ್ಕಾಲು ಗಂಟೆಯ ವಿವರಣೆಯ ತಿರುಳು ಇಷ್ಟು: ಬೇವಿನ ಎಣ್ಣೆಗೆ ಹುಳ ಸಾಯುತ್ತದೆ, ಮನುಷ್ಯ ಸಾಯುವುದಿಲ್ಲ. ಆದರೆ ಎಣ್ಣೆ ನೀರಿನೊಳಗೆ ನಿಲ್ಲದು. ಅಂಟುವಾಳದ ಕಾಯಿಯ ನೊರೆ ಬೆರೆಸಿ ಕಡೆದರೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ, ಒಂದೊಂದು ಹನಿಯ ಮೈಗೂ ನೊರೆಯ ಸತ್ವ ಕಾವಲು ಕೂರುತ್ತದೆ. ಕಾವಲಿರುವ ತನಕ ಒಂದು ಹನಿ ಇನ್ನೊಂದರ ಜೊತೆ ಕೂಡುವುದಿಲ್ಲ, ನೀರು ಹಾಲಿನ ಹಾಗೆ ಬೆಳ್ಳಗೆ ನಿಲ್ಲುತ್ತದೆ. ಎಮಲ್ಷನ್ ಅಂದರೆ ಇದೇ. ಲ್ಯಾಬಿನ ಬಾಟಲಿಯಲ್ಲಿ ಮಹಾಲಿಂಗ ಮಾಡಿಟ್ಟ ಬೇವಿನ ಹಾಲು ಎರಡು ದಿನವಾದರೂ ಕೆಡಲಿಲ್ಲ.

ಕುಣಿದಾಡಿಬಿಟ್ಟ. ದುಂಡನೆಯ ಅಕ್ಷರದಲ್ಲಿ ವಿಧಾನ ಬರೆದು ಅತ್ತಿಗೆಗೆ ಓದಿ ಹೇಳಿದ: ಅಂಟುವಾಳ ಜಜ್ಜಿ ನೆನೆಸಿ, ಎಣ್ಣೆ ಸಣ್ಣಗೆ ಹುಯ್ಯುತ್ತ ಕಡೆಗೋಲಿನಲ್ಲಿ ಕಡೆಯಿರಿ, ಪಂಪಿನ ಮೂತಿ ಕಟ್ಟದ ಹಾಗೆ ಬಟ್ಟೆಯಲ್ಲಿ ಸೋಸಿ, ಹೊಡೆಯಿರಿ. ತೊಂಬತ್ತೇಳರ ಜೂನಿನಲ್ಲಿ ಪುಟ್ಟಮಾದು ಹೊಡೆದ. ಮುಕ್ಕಾಲು ಪಂಪು ಚೆನ್ನಾಗಿಯೇ ಹೋಯಿತು. ಕೊನೆಯ ಕಾಲು ಪಂಪಿನಲ್ಲಿ ಹಾಲು ಒಡೆದು, ಮೇಲೆ ತೇಲಿದ್ದ ಎಣ್ಣೆ ಗಟ್ಟಿಗೆ ಗಟ್ಟಿಯೇ ಎಲೆಯ ಮೇಲೆ ಬಿತ್ತು. ಅದರ ಮೇಲೆ ಬಿಸಿಲು. ಎರಡೇ ದಿನದಲ್ಲಿ ಆರು ಸಾಲು ಬೀನ್ಸು ಹಪ್ಪಳದ ಹಾಗೆ ಸುಟ್ಟಿತ್ತು.

ಪುಟ್ಟಮಾದು ಆಗಲೂ ಕೂಗಾಡಲಿಲ್ಲ. ಅದೇ ತಮ್ಮನಿಗೆ ಹೆಚ್ಚು ನೋವಾದದ್ದು.

“ನಿನ್ ಕಾಲೇಜ್ನ ಬಾಟ್ಲಿಗೆ ಸರಿ ಕಣ್ಲಾ ಇದು, ನನ್ ಒಲಕ್ಕಲ್ಲ,” ಎಂದ. “ಆಚೆ ಅರ್ಧೆಕ್ರೆಲಿ ಎಳೇ ಬೀನ್ಸು ಎದ್ದದೆ. ಇನ್ನಿಪ್ಪತ್ ದಿನಕ್ಕೆ ಉಳ ಬೀಳ್ತದೆ. ಆವಾಗ ನಾನು ಔಸ್ದಿನೇ ಒಡಿಯೋದು. ಸುಮ್ಕೆ ಅಡ್ಡ ಬರ್ಬ್ಯಾಡ.”

ಇಪ್ಪತ್ತು ದಿನ. ಅಷ್ಟರೊಳಗೆ ಬೇವಿನ ಹಾಲು ಯಾಕೆ ಒಡೆಯಿತೆಂದು ತಿಳಿಯದಿದ್ದರೆ ಅಣ್ಣ ಮತ್ತೆ ಆ ಪಂಪು ಬೆನ್ನಿಗೇರಿಸುತ್ತಾನೆ. ಡಾಕ್ಟರ ಮಾತು ಕಿವಿಯಲ್ಲೇ ಇತ್ತು.

ತೆರಕಣಾಂಬಿಯ ನೀರು ಕ್ಯಾನಿನಲ್ಲಿ ತಂದು ಲ್ಯಾಬಿನಲ್ಲಿ ಮಾಡಿ ನೋಡಿದ, ಒಡೆಯಲಿಲ್ಲ. ಅಣ್ಣನ ಎಣ್ಣೆಯಲ್ಲೇ ಮಾಡಿದ, ಒಡೆಯಲಿಲ್ಲ. ಭಾನುವಾರ ಊರಿಗೆ ಹೋಗಿ ಅತ್ತಿಗೆ ಮಾಡುವುದನ್ನೇ ಮೊದಲಿಂದ ಕೊನೆಯವರೆಗೆ ಕುಕ್ಕರುಗಾಲಲ್ಲಿ ಕೂತು ನೋಡಿದ. ಒಂದೂ ತಪ್ಪಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಲು ಒಡೆದು ಕೂತಿತು. ಉಳಿದದ್ದು ಪಂಪು. ಒಳಗೆ ಗಾಳಿ ಒತ್ತುತ್ತದೆ, ಹನಿಗೆ ಹನಿ ಅದುಮಿಕೊಳ್ಳುತ್ತದೆ, ಅದರಿಂದಲೇ ಕೂಡಿಕೊಳ್ಳುತ್ತವೆ ಎಂದು ಅವನಿಗೆ ಹೊಳೆಯಿತು. ಮನೆಯ ಪಾತ್ರೆಯಲ್ಲೇ ಒಡೆದದ್ದಕ್ಕೆ ಪಂಪು ಹೇಗೆ ಕಾರಣ ಎಂದು ಕೇಳುತ್ತೀರಾ? ಅತ್ತಿಗೆ ಪಂಪಿಗೆ ತುಂಬಿ, ನಾಲ್ಕು ಸಲ ಒತ್ತಿ, ಮೈದುನನಿಗೆ ತೋರಿಸಲೆಂದು ಪಾತ್ರೆಗೆ ಸುರಿದಿದ್ದಳು. ಅನುಮಾನ ನ್ಯಾಯವಾದದ್ದೇ. ಆದರೆ ಪಂಪಿನೊಳಗೆ ಇಣುಕುವುದು ಹೇಗೆ?

“ಇಣುಕಬೇಡ, ಲೆಕ್ಕ ಹಾಕು,” ಎಂದರು ಶಾಂತಮಲ್ಲಪ್ಪ. ಸಮೀಕರಣಗಳನ್ನು ಹಾಳೆಯ ಎರಡೂ ಬದಿಗೆ ಬರೆದುಕೊಟ್ಟರು. ಮಹಾಲಿಂಗ ಮಖಮಲ್ಲು ಸರಿಸಿ ಕೂತ.

ಅವನು ಕಟ್ಟಿದ್ದು ಎರಡು ಹನಿ. ಒಂದೊಂದು ಹನಿಯ ಸುತ್ತ ನಲವತ್ತು ಚುಕ್ಕಿ. ಪ್ರತಿ ಚುಕ್ಕಿಯನ್ನೂ ಅಕ್ಕಪಕ್ಕದ ಚುಕ್ಕಿಗಳು ಎಳೆಯುತ್ತವೆ. ಪ್ರತಿ ಚುಕ್ಕಿಯ ಮೇಲೂ ಇಷ್ಟು ನೊರೆ ಎಂಬ ಅಂಕಿ. ಎರಡು ಹನಿಯ ನಡುವೆ ತೆಳ್ಳನೆಯ ನೀರು. ಚುಕ್ಕಿ ಕೂದಲೆಳೆಯಷ್ಟು ಸರಿದರೆ ಎಲ್ಲದರ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಪರದೆಯ ಮೇಲೆ ಹನಿಗಳ ಒಂದು ಆಟ ಮುಗಿಯಲು ಎರಡು ತಾಸು, ನಡುವೆ ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ. ನಮ್ಮೂರ ಕರೆಂಟಿನ ಗುಣ ಹೇಳಬೇಕಾಗಿಲ್ಲ. ಒಂಬತ್ತು ಸಲ ಸೊನ್ನೆಯಿಂದ ಶುರು ಮಾಡಿದವನು ಹತ್ತನೇ ಸಲಕ್ಕೆ ಬುದ್ಧಿ ಕಲಿತು, ಹತ್ತು ನಿಮಿಷಕ್ಕೊಮ್ಮೆ ಫ್ಲಾಪಿಗೆ ಇಳಿಸುವ ಹಾಗೆ ಮಾಡಿದ.

ಹನಿಗಳನ್ನು ಎದುರುಬದುರು ಒತ್ತಿದ. ಟಗರುಗಳ ಹಾಗೆ ಹಣೆಗೆ ಹಣೆ ಕೊಟ್ಟು ಚಪ್ಪಟೆಯಾಗಿ ನಿಂತವು. ಕೂಡಲಿಲ್ಲ. ಎರಡರಷ್ಟು ಒತ್ತಿದ. ಇನ್ನಷ್ಟು ಚಪ್ಪಟೆಯಾದವು. ಹತ್ತರಷ್ಟು ಒತ್ತಿದ. ಕಾವಲು ಜಗ್ಗಲಿಲ್ಲ. ದಿನಗಳು ಹೋದವು, ಹನಿಗಳು ಹಣೆ ಕೊಟ್ಟು ನಿಂತೇ ಇದ್ದವು. “ಬಿಡಪ್ಪ, ನನ್ನ ಸಮೀಕರಣವೇ ತಪ್ಪಿರಬಹುದು,” ಎಂದು ಶಾಂತಮಲ್ಲಪ್ಪನವರೇ ಸೋತು ಹೇಳಿದರು. ಮಹಾಲಿಂಗ ಬಿಡಲಿಲ್ಲ. ಬಿಡುವ ಸ್ವಾತಂತ್ರ್ಯ ಅವನಿಗೆಲ್ಲಿತ್ತು?

ಹದಿನೇಳನೇ ದಿನ, ಶುಕ್ರವಾರ ಮಧ್ಯಾಹ್ನ, ಮೂಗಮ್ಮ ಕಾಲೇಜಿಗೆ ಬಂದಳು. ಕುದೇರಿನ ತವರಿಗೆ ಹೊರಟವಳು ಚಾಮರಾಜನಗರದಲ್ಲಿ ಬಸ್ಸಿಳಿದು ನೇರ ಮೈದುನನನ್ನು ಹುಡುಕಿಕೊಂಡು ಬಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಗುಡಿಗೆ ಬಂದವಳ ಹಾಗೆ ಒಳಗೆ ಕಾಲಿಟ್ಟಳು.

“ನಿಮ್ಮಣ್ಣ ಔಸ್ದಿ ಡಬ್ಬ ತಂದು ಅಟ್ಟದ ಮ್ಯಾಲೆ ಇಟ್ಟವ್ನೆ ಕಣ್ಲಾ,” ಎಂದಳು. “ಸೋಮವಾರ ಒಡೀತಾನಂತೆ. ನಾನು ಯೋಳಿದ್ರೆ ಕೇಳಕಿಲ್ಲ. ನೀನಾರ ಬಂದು ಯೋಳು.”

“ಏನಂತ ಹೇಳ್ಲಿ ಅತ್ತಿಗೆ? ಯಾಕೆ ಒಡೀತು ಅನ್ನೋದೇ ಗೊತ್ತಾಗ್ತಾ ಇಲ್ಲ,” ಎಂದ ಮಹಾಲಿಂಗ. ಅವನ ಕಣ್ಣು ತುಂಬಿತ್ತು. ತೋರಗೊಡದೆ ಪರದೆಯ ಕಡೆ ತಿರುಗಿದ. ಅಲ್ಲಿ ಎರಡು ಹನಿ ಒತ್ತಿಕೊಂಡು ನಿಂತಿದ್ದವು.

ಮೂಗಮ್ಮ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದಳು. ಏನೆಂದು ಕೇಳಿದಳು. ಇದು ಬೇವಿನ ಎಣ್ಣೆಯ ಹನಿ, ಇದು ಇನ್ನೊಂದು, ಸುತ್ತ ನಿಮ್ಮ ಅಂಟುವಾಳದ ನೊರೆ, ನಾನು ಎರಡನ್ನೂ ಒತ್ತುತ್ತಾ ಇದ್ದೇನೆ ಎಂದು ಅವನು ಹೇಳಿದ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

“ಒತ್ತಿ ಒತ್ತಿ ಇಂಗೇ ಕೂತಿರ್ತೀಯಾ? ಕೈ ಬುಡೋದು ಯಾವಾಗ?”

“ಯಾಕೆ ಬಿಡ್ಬೇಕು?”

“ಅಯ್ಯೋ, ಇದೊಳ್ಳೆ ಕತೆ! ಬಟ್ಟೆ ಇಂಡ್ದಂಗೇ ಅಲ್ವಾ ಇದು? ಇಂಡ್ತೀನಿ, ಬುಡ್ತೀನಿ, ಮತ್ತೆ ಇಂಡ್ತೀನಿ. ಇಂಡೋವಾಗ ಆಲ್ನಂಗೇ ಇರ್ತದೆ. ಕೈ ಬುಟ್ಟಾಗ್ಲೇ ಬಟ್ಟೆ ಮ್ಯಾಲೆ ಎಣ್ಣೆ ಮಿಂಚೋದು.”

ಮಹಾಲಿಂಗ ತಿರುಗಿ ನೋಡಿದ. “ಯಾವ ಬಟ್ಟೆ?”

“ನೀನೇ ಬರ್ಕೊಟ್ಟಿಲ್ವಾ, ಸೋಸೋ ಬಟ್ಟೆ.”

ಮಹಾಲಿಂಗನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಮನೆಯಲ್ಲಿ ಸೋಸಿದ್ದನ್ನು ಹಿಂಡದೆ ಬಿಟ್ಟವರೇ ಇಲ್ಲ. ಹುಣಸೆ ಹುಳಿ, ಹುರುಳಿಯ ಕಟ್ಟು, ಕಾಯಿಹಾಲು, ಯಾವುದಿದ್ದರೂ ಬಟ್ಟೆಯನ್ನು ಮುರಿದು ಮುರಿದು ಹಿಂಡಿ ಕೊನೆಯ ತೊಟ್ಟೂ ಇಳಿಸಬೇಕು. ಬಟ್ಟೆಯಲ್ಲಿ ತೇವ ಬಿಟ್ಟವಳು ಸಂಸಾರಸ್ಥೆಯೇ ಅಲ್ಲ. ಭಾನುವಾರ ಅತ್ತಿಗೆ ಅವನ ಮೂಗಿನ ಕೆಳಗೇ ಹತ್ತು ಸಲ ಹಿಂಡಿ ಹತ್ತು ಸಲ ಬಿಟ್ಟಿದ್ದಳು. ಅದೇ ಮನೆಯ ಹುರುಳಿಸಾರು ಉಂಡು ಬೆಳೆದವನ ಕಣ್ಣಿಗೆ ಅದು ಬೀಳಲೇ ಇಲ್ಲ. ಲ್ಯಾಬಿನಲ್ಲಿ ಅವನು ಸೋಸುತ್ತಿದ್ದದ್ದು ತಂತಿಯ ಜರಡಿಯಲ್ಲಿ, ಜರಡಿಯನ್ನು ಯಾರು ಹಿಂಡುತ್ತಾರೆ?

ಪ್ರೋಗ್ರಾಮಿನಲ್ಲಿ ಬದಲಿಸಬೇಕಾಗಿದ್ದದ್ದು ಒಂದು ಸಾಲು. ಇಷ್ಟು ಹೊತ್ತು ಒತ್ತು, ಆಮೇಲೆ ಅಷ್ಟೇ ವೇಗದಲ್ಲಿ ಹಿಂದಕ್ಕೆ ಎಳೆ. ಅವಸರದಲ್ಲಿ ಎರಡು ಸಲ ತಪ್ಪು ಟೈಪು ಮಾಡಿದ.

“ಅತ್ತಿಗೆ, ಎರಡು ತಾಸು ಆಗ್ತದೆ.”

“ಆಗ್ಲಿ ಬುಡು. ಕುದೇರು ಎಲ್ಲೂ ಓಡೋಗಕಿಲ್ಲ.”

ಕರೆಂಟು ಹೋಗದಿರಲಿ ಎಂದು ಇಬ್ಬರೂ ಮನಸ್ಸಿನಲ್ಲೇ ಯಾವ್ಯಾವ ದೇವರಿಗೆ ಹರಕೆ ಹೊತ್ತರೋ, ಕರೆಂಟು ಹೋಗಲಿಲ್ಲ. ಒಂದು ತಾಸು ಹನಿಗಳು ಎಂದಿನ ಹಾಗೆ ಹಣೆ ಒತ್ತಿ ಚಪ್ಪಟೆಯಾದವು. ಆಮೇಲೆ ಮೆಲ್ಲಗೆ ಒಂದನ್ನೊಂದು ಬಿಟ್ಟು ಹಿಂದೆ ಸರಿಯತೊಡಗಿದವು. ಮೂಗಮ್ಮ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು. ಬೆನ್ನು ಹಿಂದೆ ಹೋದವು, ಮುಖ ಮಾತ್ರ ಹೋಗಲಿಲ್ಲ. ಎರಡು ಮುಖವೂ ಒಂದರ ಕಡೆಗೊಂದು ಉಬ್ಬಿ, ಮೊನೆಯಾಗಿ, ಮುಂದೆ ಬಂದವು. ಮೊನೆಯ ಚುಕ್ಕಿಗಳ ನೊರೆಯ ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಯ ಹತ್ತಿರ ಬಂತು. ಮೊನೆಗೆ ಮೊನೆ ತಾಗಿತು. ಎರಡು ಹನಿ ಇದ್ದಲ್ಲಿ ಒಂದೇ ಹನಿ, ತುಂಬು ಬಸುರಿಯ ಹೊಟ್ಟೆಯ ಹಾಗೆ ಗುಂಡಗೆ ನಿಂತಿತು.

“ಒಂದಾಗೋದ್ವು ಕಣ್ಲಾ!” ಎಂದು ಮೂಗಮ್ಮ ಕೂಗಿದಳು.

ಮಹಾಲಿಂಗ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕಾರಿಡಾರಿನಲ್ಲಿ ಬರಿಗಾಲಲ್ಲಿ ಓಡಿ, ಪಾಠ ಮಾಡುತ್ತಿದ್ದ ಶಾಂತಮಲ್ಲಪ್ಪನವರನ್ನು ಕ್ಲಾಸಿನ ಬಾಗಿಲಿಂದಲೇ “ಸಾರ್, ಬನ್ನಿ!” ಎಂದು ಕೂಗಿ ಕರೆದ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು ಸೀಮೆಸುಣ್ಣ ಕೈಯಲ್ಲೇ ಹಿಡಿದು ಬಂದರು, ಫ್ಲಾಪಿಯಿಂದ ಎತ್ತಿ ತೋರಿಸಿದ ಆಟವನ್ನು ಮೂರು ಸಲ ನೋಡಿದರು. 

“ಎಳೆದಾಗ ನಡುವಿನ ಸಂದಿಗೆ ನೀರು ಅಷ್ಟು ಬೇಗ ನುಗ್ಗೋಕಾಗಲ್ಲ. ಅಲ್ಲಿ ಒತ್ತಡ ಇಳಿಯುತ್ತೆ, ಮುಖ ಉಬ್ಬುತ್ತೆ. ಮೈ ಹಿಗ್ಗಿದ ಕಡೆ ನೊರೆ ತೆಳುವಾಗುತ್ತೆ, ಕಾವಲು ಹೋಗುತ್ತೆ,” ಎಂದರು ತಮಗೆ ತಾವೇ. “ಎಲ್ಲರೂ ಒತ್ತೋದನ್ನೇ ಯೋಚನೆ ಮಾಡ್ತಾ ಕೂತಿದ್ವಲ್ಲೋ. ಎಳೆಯೋ ಬುದ್ಧಿ ಯಾರು ಕೊಟ್ಟರು ನಿನಗೆ?”

ಮಹಾಲಿಂಗ ಅತ್ತಿಗೆಯ ಕಡೆ ಕೈ ತೋರಿಸಿದ. ಶಾಂತಮಲ್ಲಪ್ಪ ಸೀಮೆಸುಣ್ಣದ ಕೈಯನ್ನೇ ಜೋಡಿಸಿ ನಮಸ್ಕಾರ ಮಾಡಿದರು. ಮೂಗಮ್ಮ ನಾಚಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಪರದೆಯ ಮೇಲಿನದು ಪರದೆಗೆ ಆಯಿತು, ಪಾತ್ರೆಗೂ ಆಗಬೇಕಲ್ಲ? ಅಲ್ಲೇ ಲ್ಯಾಬಿನಲ್ಲಿ ಬೇವಿನ ಹಾಲು ಮಾಡಿ ಎರಡು ಪಾಲು ಮಾಡಿದರು. ಒಂದನ್ನು ಮೂಗಮ್ಮನ ಕೈಗೆ ಕೊಟ್ಟರು. ಅವಳು ಬಟ್ಟೆಯಲ್ಲಿ ಹಾಕಿ ಹಿಂಡಿ, ಬಿಟ್ಟು, ಹಿಂಡಿ, ಬಿಟ್ಟು ಇಳಿಸಿದಳು. ಅರ್ಧ ಗಂಟೆಯಲ್ಲಿ ಅವಳ ಬೀಕರಿನ ಮೇಲೆ ಹಳದಿ ಎಣ್ಣೆ ಬೆರಳ ದಪ್ಪ ಕಟ್ಟಿತು. ಮುಟ್ಟದ ಪಾಲು ಬೆಳ್ಳಗೆ ಕೂತಿತ್ತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಹಾಗಾದರೆ ಹಿಂಡಬೇಡಿ ಎಂದು ಬರೆದುಕೊಟ್ಟರೆ ಸಾಕೇ? ಸಾಲದು ಎಂದು ಮಹಾಲಿಂಗನಿಗೆ ಗೊತ್ತಿತ್ತು. ಬಟ್ಟೆ ಕೈಗೆ ಸಿಕ್ಕರೆ ಆ ಊರಿನ ಯಾವ ಹೆಂಗಸೂ ಹಿಂಡದೆ ಇರುವವಳಲ್ಲ. ಅದಕ್ಕೇ ಕ್ರಮವನ್ನೇ ತಿರುಗಿಸಿದ. ಮೊದಲು ಅಂಟುವಾಳದ ನೀರನ್ನು ಸೋಸಿ, ಎಷ್ಟು ಬೇಕಾದರೂ ಹಿಂಡಿ, ಪ್ರಾಣ ಹೋಗುವಷ್ಟು ಹಿಂಡಿ, ಅದರಲ್ಲಿ ಇನ್ನೂ ಎಣ್ಣೆಯೇ ಇಲ್ಲ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿ. ಆಮೇಲೆ ಎಣ್ಣೆ ಹುಯ್ದು ಕಡೆಯಿರಿ, ಕಡೆದದ್ದನ್ನು ಸೋಸದೆ ಪಂಪಿಗೆ ತುಂಬಿ.

ಮೂಗಮ್ಮ ಕುದೇರಿಗೆ ಹೋಗಲೇ ಇಲ್ಲ. ಶನಿವಾರ ಅತ್ತಿಗೆ ಮೈದುನ ಇಬ್ಬರೂ ಗುಂಡ್ಲುಪೇಟೆ ಬಸ್ಸು ಹತ್ತಿ ತೆರಕಣಾಂಬಿಯಲ್ಲಿ ಇಳಿದರು. ಪುಟ್ಟಮಾದು ಜಗುಲಿಯಲ್ಲಿ ಪಂಪಿನ ವಾಷರ್ ಬದಲಿಸುತ್ತಿದ್ದ. ತಮ್ಮ ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದ.

“ಇಂಡಿದ್ದಕ್ಕೆ ಒಡೀತಾ?”

“ಹಿಂಡಿ ಬಿಟ್ಟಿದ್ದಕ್ಕೆ ಅಣ್ಣ.”

“ಕಂಪೂಟ್ರು ಯೋಳ್ತಾ?”

“ಅತ್ತಿಗೆ ಹೇಳಿದ್ದು. ಕಂಪ್ಯೂಟರು ಹೌದು ಅಂತು.”

ಪುಟ್ಟಮಾದು ಹೆಂಡತಿಯ ಮುಖ ನೋಡಿದ, ತಮ್ಮನ ಮುಖ ನೋಡಿದ. “ನಾಕು ಸಾಲು ಕೊಡ್ತೀನಿ,” ಎಂದ. “ನಾಳಿಕೆ ಒಡೆಯನ. ಬುಧುವಾರ ಒತ್ತಾರೆಗೆ ಎಲೆ ಸುಟ್ಟಿದ್ರೆ ಇನ್ನ ನೀನು ಈ ಮಾತು ಎತ್ತಂಗಿಲ್ಲ.”

ಭಾನುವಾರ ಹೊಡೆದದ್ದು ಪುಟ್ಟಮಾದುವೇ. ಮೂರು ಸಾಲಿಗೆ ಸಾಕಾಗುವಷ್ಟನ್ನು ಬೇಗ ಹೊಡೆದು, ಕೊನೆಯ ಕಾಲು ಪಂಪನ್ನು ಹಾಗೇ ಬೇಲಿಯ ನೆರಳಲ್ಲಿ ಸಂಜೆಯ ತನಕ ಇಟ್ಟ. ಒಡೆಯುವುದಿದ್ದರೆ ಚೆನ್ನಾಗಿ ಒಡೆಯಲಿ ಎಂಬ ಹಟ. ಆಮೇಲೆ ಅದನ್ನು ಇಡೀ ಹೊಲದಲ್ಲೇ ಹುಲುಸಾಗಿದ್ದ ನಾಲ್ಕನೇ ಸಾಲಿಗೆ ತೊಟ್ಟೂ ಬಿಡದೆ ಹೊಡೆದ.

ಎರಡು ದಿನ ಊರಿನಲ್ಲಿ ಕಾಯುವುದು ಮಹಾಲಿಂಗನಿಂದ ಆಗಲಿಲ್ಲ, ಸೋಮವಾರ ಕೆಲಸಕ್ಕೆ ಹೋದ. ಶಾಂತಮಲ್ಲಪ್ಪ ಅವನ ಕೈಹಿಡಿದು ಫೈನಲ್ ಬಿ.ಎಸ್ಸಿ. ಕ್ಲಾಸಿಗೆ ಎಳೆದುಕೊಂಡು ಹೋಗಿ, “ಇವತ್ತು ಪಾಠ ಇವರದು,” ಎಂದು ತಾವು ಹಿಂದಿನ ಬೆಂಚಿನಲ್ಲಿ ಕೂತರು. ಆ ಹುಡುಗರ ಪಿಪೆಟ್ಟು ತೊಳೆಯುತ್ತಿದ್ದವನು ಅವರ ಕಪ್ಪುಹಲಗೆಯ ಮೇಲೆ ಎರಡು ಗುಂಡು ಬರೆದು, ಒತ್ತಿದರೆ ಹೀಗೆ, ಎಳೆದರೆ ಹೀಗೆ ಎಂದು ತನ್ನ ಭಾಷೆಯಲ್ಲೇ ಹೇಳಿದ. ಮುಗಿದಾಗ ಇಡೀ ಕ್ಲಾಸು ಎದ್ದು ನಿಂತಿತು. ಯಾರೂ ಹೇಳಿಕೊಟ್ಟು ಎಬ್ಬಿಸಿದ್ದಲ್ಲ. ಮಹಾಲಿಂಗ ಏನು ಮಾಡಬೇಕೆಂದು ತೋಚದೆ ಡಸ್ಟರ್ ತೆಗೆದು ಹಲಗೆ ಒರೆಸಿದ.

ಮಂಗಳವಾರ ಕಳೆದು ಬುಧವಾರ ಬಂತು. ಮೊದಲ ಬಸ್ಸಿಗೆ ತೆರಕಣಾಂಬಿಯಲ್ಲಿ ಇಳಿದವನು ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದ. ಪುಟ್ಟಮಾದು ಆಗಲೇ ಅಲ್ಲಿದ್ದ. ನಾಲ್ಕನೇ ಸಾಲಿನಲ್ಲಿ ಮಂಡಿಯೂರಿ ಕೂತು ಒಂದೊಂದೇ ಎಲೆಯನ್ನು ಮಗುಚಿ ಮಗುಚಿ ನೋಡುತ್ತಿದ್ದ. ಮಹಾಲಿಂಗ ಸಾಲುಗಳನ್ನು ದಾಟಿದ. ಹತ್ತಿರ ಹೋಗಿ ಪಕ್ಕದಲ್ಲೇ ಕೂತು ಬಗ್ಗಿದ. ಎಲೆ ಹಸಿರಾಗಿತ್ತು, ಅಂಚಿನ ತನಕ ಹಸಿರು. ಕೆಳಗಡೆ ಮುತ್ತಿದ್ದ ಹುಳ ಒಣಗಿ ಕರಿಪುಡಿಯಾಗಿ, ಅಣ್ಣನ ಬೆರಳು ತಾಗಿದ ಕೂಡಲೇ ಉದುರಿ ಬೀಳುತ್ತಿತ್ತು.

ಪುಟ್ಟಮಾದು ಸಾಲಿನ ಕೊನೆಯವರೆಗೆ ಹೋಗಿ ಬಂದ. ಅವಸರ ಮಾಡಲಿಲ್ಲ. ಬಂದವನು ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

“ಒಂದ್ ಎಲೆನೂ ಸುಟ್ಟಿಲ್ಲ ಕಣ್ಲಾ,” ಎಂದ. ಎಂದವನೇ ಬೇಲಿಯ ಕಡೆ ತಿರುಗಿ, ಪಕ್ಕದ ಹೊಲದಲ್ಲಿ ಪಂಪು ಹೊತ್ತು ನಿಂತಿದ್ದ ಚಿಕ್ಕಬಸವಯ್ಯನಿಗೆ ಕೇಳುವ ಹಾಗೆ ಕೂಗಿದ: “ಬಸವಯ್ಯಾ! ಇಳಿಸ್ಬುಡು ಅದ! ಇಲ್ಲಿ ಬಂದು ನೋಡು, ನನ್ ತಮ್ಮ ಮಾಡವ್ನೆ!”

ಚಿಕ್ಕಬಸವಯ್ಯ ಪಂಪು ಇಳಿಸಿ ಬೇಲಿ ದಾಟಿ ಬಂದ. ಅವನಿಗೂ ಎಲೆ ಮಗುಚಿ ತೋರಿಸಿದ ಪುಟ್ಟಮಾದು ತಮ್ಮನ ಕಡೆ ತಿರುಗಿದ.

“ಎಷ್ಟು ಅಂಟುವಾಳ ಬೇಕ್ಲಾ, ಅರ್ಧೆಕ್ರೆಗೂ?”

“ಆರು ಸೇರು ಸಾಕು ಅಣ್ಣ.”

“ಎದ್ದೋಳು ಮತ್ತೆ, ಜಜ್ಜನ. ಆ ಡಬ್ಬ ಅಂಗ್ಡೀಗೆ ವಾಪಸ್ ಕೊಟ್ಬುಟ್ ಬರ್ತೀನಿ. ಇನ್ನ ನಾನು ಅದ ಮುಟ್ಟಕಿಲ್ಲ.”

ಮಹಾಲಿಂಗನಿಗೆ ಏಳಲಾಗಲಿಲ್ಲ. ಬೀನ್ಸಿನ ಸಾಲಿನಲ್ಲೇ ಕೂತು, ಮೂವತ್ತನಾಲ್ಕು ವರ್ಷದ ಗಂಡಸು, ಚಿಕ್ಕಬಸವಯ್ಯ ನೋಡುತ್ತಿದ್ದಾನೆಂಬುದನ್ನೂ ಮರೆತು ಗಟ್ಟಿಯಾಗಿ ಅತ್ತುಬಿಟ್ಟ. ಅಣ್ಣ ಬದುಕುತ್ತಾನೆ ಎಂಬುದೊಂದೇ ಅವನಿಗೆ ಗೊತ್ತಾಗುತ್ತಿದ್ದದ್ದು. ಪುಟ್ಟಮಾದು ಬಗ್ಗಿ, ಬೇವಿನ ವಾಸನೆ ಹೊಡೆಯುವ ಕೈಯಿಂದ ಅವನ ರಟ್ಟೆ ಹಿಡಿದು ಮೇಲಕ್ಕೆತ್ತಿದ.